ಅಂಗಿ ಸುಟ್ಟವಳ ಕಾರಣ

ಅಚ್ಚುಕೂಟದ ಹಿಂಬದಿಯ ಕೋಣೆಯಲ್ಲಿ ಇಬ್ಬರು ಎದುರುಬದುರು ಕೂತು ದಿನವಿಡೀ ಕಥೆ ಓದುತ್ತಿದ್ದರು ಎಂದರೆ ಕೇಳಿದವರಿಗೆ ಹೊಟ್ಟೆ ಉರಿಯಬಹುದು. ಉರಿಸಿಕೊಳ್ಳುವುದು ಬೇಡ. ಅಲ್ಲಿ ಕಥೆ ಓದುವ ಚಂದ ಹೀಗಿತ್ತು: "ಒಂದಾನೊಂದು ಕಾಲದಲ್ಲಿ ಅಲ್ಪವಿರಾಮ ಒಬ್ಬ ರಾಜನಿದ್ದ ಪೂರ್ಣವಿರಾಮ ಅವನಿಗೆ ಇಬ್ಬರು ಹೆಂಡಿರು ಪೂರ್ಣವಿರಾಮ ಹೊಸ ಪ್ಯಾರಾ."

ಓದುವವರು ಮೇಷ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ಮನೆಯಲ್ಲಿ ಸೊಸೆಯ ಕಾಲಿಗೆ ಅಡ್ಡ ಸಿಗಬಾರದೆಂದು ಇಲ್ಲಿಗೆ ಬಂದವರು. ಲೇಖಕರ ಹಸ್ತಪ್ರತಿಯನ್ನು ಅವರು ಗಟ್ಟಿಯಾಗಿ ಓದಬೇಕು. ಎದುರಿಗೆ ಕೂತವಳು ಅಚ್ಚಾಗಿ ಬಂದ ಕರಡಿನ ಮೇಲೆ ಪೆನ್ಸಿಲ್ ಓಡಿಸುತ್ತಾ ತಪ್ಪು ಹಿಡಿಯಬೇಕು. ದನಿಯಲ್ಲಿ ಏರಿಳಿತ ಕೂಡದು. ಏರಿಳಿತ ಬಂತೆಂದರೆ ಕೇಳುವವರು ಕಥೆಯೊಳಗೆ ಜಾರುತ್ತಾರೆ, ತಪ್ಪು ಕಣ್ತಪ್ಪಿಸಿಕೊಂಡು ಹೋಗುತ್ತದೆ. ಹಾಗಾಗಿ ರಾಜಕುಮಾರಿ ಸತ್ತರೂ ಒಂದೇ ದನಿ, ಅವಳ ಮದುವೆಯಾದರೂ ಅದೇ ದನಿ.

ತಪ್ಪು ಹಿಡಿಯುವವಳು ಕರಡಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು; ಬಾಯಲ್ಲಿ ಅದನ್ನು ಯಾರೂ ಆಡುತ್ತಿರಲಿಲ್ಲ. ಅರವತ್ತಾಗಿತ್ತು, ಕಣ್ಣು ಮಾತ್ರ ಇನ್ನೂ ಗಿಡುಗನದು. ಹದಿನೈದು ವರ್ಷದ ಕೆಳಗೆ, ಗಂಡ ತೀರಿಕೊಂಡ ಮೇಲೆ, ಯಾರ ಪರಿಚಯವೂ ಇಲ್ಲದ ಈ ಊರಿಗೆ ಒಂದು ಪೆಟ್ಟಿಗೆ ಹಿಡಿದು ಬಂದಿದ್ದಳು. ಮಕ್ಕಳೆಷ್ಟು ಎಂದು ಮೊದಲ ದಿನ ಕೇಳಿದವರಿಗೆ "ಇಲ್ಲ" ಎಂದಿದ್ದಳು. ಆಮೇಲೆ ಯಾರೂ ಕೇಳಲಿಲ್ಲ.

ಆ ಕೋಣೆಗೆ ಇನ್ನೊಂದು ಕಟ್ಟುನಿಟ್ಟಿತ್ತು. ಕಾಗುಣಿತ ತಿದ್ದಬಹುದು, ಬಿಟ್ಟುಹೋದ ಚಿಹ್ನೆ ಹಾಕಬಹುದು. ಲೇಖಕರ ಮಾತನ್ನು ಮಾತ್ರ ಮುಟ್ಟುವಂತಿಲ್ಲ. ಏನಾದರೂ ಹೊಂದಲಿಲ್ಲ ಎನಿಸಿದರೆ ಪ್ರಶ್ನೆಪಟ್ಟಿಗೆ ಸೇರಿಸಬೇಕು. ಆಫೀಸಿನಲ್ಲಿ ಅದನ್ನು ಟೈಪು ಮಾಡಿ ಲೇಖಕರಿಗೆ ಕಳಿಸುತ್ತಾರೆ, ಎದುರಿನ ಖಾಲಿ ಜಾಗದಲ್ಲಿ ಅವರು ಉತ್ತರ ಬರೆದು ವಾಪಸು ಮಾಡುತ್ತಾರೆ. ಕೇಳಿದವರು ಯಾರೆಂದು ಪಟ್ಟಿಯಲ್ಲಿ ಇರುವುದಿಲ್ಲ. ಲೇಖಕರು ಹೇಳಿದ್ದೇ ಕೊನೆ.

ಆ ವರ್ಷ ಯಜಮಾನರಿಗೆ ಹೊಸ ಹುಚ್ಚು ಹತ್ತಿತ್ತು. ಹಳೆಯ ಕಥೆಗಳನ್ನೆಲ್ಲ ಕೆಟ್ಟವರ ಕಡೆಯಿಂದ ಹೇಳಿಸುವುದು. ಹನ್ನೆರಡು ಕಥೆ, ಹನ್ನೆರಡು ಲೇಖಕರು. ಮಕ್ಕಳನ್ನು ತಿನ್ನುವ ರಾಕ್ಷಸ ಏಕೆ ಹಾಗಾದ, ಮುದುಕಿ ಏಕೆ ಮಾಟಗಾತಿಯಾದಳು, ಎಲ್ಲದಕ್ಕೂ ಒಂದು ಕಣ್ಣೀರಿನ ಕಾರಣ. ಮೇಷ್ಟ್ರಿಗೆ ಇದು ದಿನದ ತಮಾಷೆಯಾಗಿತ್ತು.

"ಕೇಳಿದ್ರಾ ಕರಡಮ್ಮ? ರಾಕ್ಷಸನಿಗೆ ಚಿಕ್ಕಂದಿನಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಊಟ ಹಾಕಿರ್ಲಿಲ್ವಂತೆ, ಪಾಪ. ನಮ್ಮ ಹೆಡ್ಮಾಸ್ತರ ಬಗ್ಗೆನೂ ಯಾರಾದ್ರೂ ಹೀಗೊಂದು ಬರೆದ್ರೆ ನಾನು ಅವರನ್ನ ಕ್ಷಮಿಸಿಬಿಡ್ತೀನಿ."

"ನೀವು ಓದಿ ಮೇಷ್ಟ್ರೇ. ನ್ಯಾಯ ತೀರ್ಮಾನ ಆಮೇಲೆ ಮಾಡೋಣ," ಎಂದು ಕರಡಮ್ಮ ನಗುತ್ತಿದ್ದಳು. ದಿನದಲ್ಲಿ ಅವಳು ನಗುತ್ತಿದ್ದದ್ದೂ ಅಷ್ಟೇ.

ಒಂಬತ್ತನೆಯದು 'ಏಳು ಗುಂಡಿಯ ಅಂಗಿ'. ಎಲ್ಲರೂ ಅಜ್ಜಿಯ ಬಾಯಲ್ಲಿ ಕೇಳಿದ ಕಥೆಯೇ. ಸಾಯುವ ತಾಯಿ ಮಗಳಿಗೆ ಏಳು ಗುಂಡಿಯ ಅಂಗಿ ಹೊಲಿದು ಕೊಡುತ್ತಾಳೆ. ಕಷ್ಟ ಬಂದಾಗಲೆಲ್ಲ ಒಂದೊಂದು ಗುಂಡಿ ತಾಯಿಯ ದನಿಯಲ್ಲಿ ಮಾತಾಡುತ್ತದೆ. ಮಲತಾಯಿ ಅದನ್ನು ತಿಳಿದು ಅಂಗಿಯನ್ನು ಬಾವಿಗೆ ಎಸೆಯುತ್ತಾಳೆ. ಆಮೇಲೆ ಮಲತಾಯಿಗೆ ಆಗಬೇಕಾದ್ದು ಆಗುತ್ತದೆ.

ಹಸ್ತಪ್ರತಿ ಟೈಪು ಮಾಡಿದ್ದಾಗಿತ್ತು. ಆದರೆ ಅಂಚಿನ ತುಂಬ ಕೆಂಪು ಶಾಯಿಯಲ್ಲಿ ಕೈಬರಹದ ಸೇರ್ಪಡೆಗಳು. ಮೇಷ್ಟ್ರು ಒಂದು ಕಡೆ ತಡವರಿಸಿ, "ಇದೇನು ನೋಡಿ, ನನಗೆ ಬಿಡಿಸೋಕೆ ಆಗ್ತಿಲ್ಲ," ಎಂದು ಹಾಳೆಯನ್ನು ಅವಳ ಕಡೆ ತಿರುಗಿಸಿದರು.

ಕರಡಮ್ಮನಿಗೆ ಬಿಡಿಸುವ ಕಷ್ಟ ಇರಲಿಲ್ಲ. ಆ ಅಕ್ಷರವನ್ನು ಅವಳೇ ಕಲಿಸಿದ್ದಳು. ಸಾಲು ಮೇಲಕ್ಕೆ ಏರಬಾರದೆಂದು ಹುಡುಗಿಯ ಕೈಹಿಡಿದು, ಬಲಗಡೆಗೆ ಬರುತ್ತಿದ್ದಂತೆ ಒಂದಿಷ್ಟು ಕೆಳಗೆ ಒತ್ತಿ ಬರೆಸುತ್ತಿದ್ದಳು. ಸಾಲುಗಳೆಲ್ಲ ಇವತ್ತಿಗೂ ಕೊನೆಯಲ್ಲಿ ಕೆಳಗೆ ಇಳಿದಿದ್ದವು. ಮೊದಲ ಪುಟದಲ್ಲಿ ಹೆಸರು ಬೇರೆ ಇತ್ತು. ಮದುವೆಯಾದ ಮೇಲಿನದೋ, ತಾನೇ ಇಟ್ಟುಕೊಂಡದ್ದೋ. ಹೆಸರು ಯಾವುದಾದರೇನು, ಕೈ ಅದೇ.

"'ಬಾವಿಗಲ್ಲ' ಅಂತಿದೆ," ಎಂದಳು. "'ಬಾವಿಗಲ್ಲ, ಒಲೆಗೆ.' ಓದಿ."

ಮೇಷ್ಟ್ರು ಓದಿದರು. ಮಲತಾಯಿ ಅಂಗಿಯನ್ನು ನೀರು ಕಾಯಿಸುವ ಒಲೆಗೆ ಹಾಕಿದಳು ಪೂರ್ಣವಿರಾಮ ಹುಡುಗಿ ಶಾಲೆಯಿಂದ ಬಂದಾಗ ಮನೆಯೆಲ್ಲ ಕೂದಲು ಸುಟ್ಟ ವಾಸನೆ ಪೂರ್ಣವಿರಾಮ ಹುಡುಗಿ ಅಳಲಿಲ್ಲ ಅಲ್ಪವಿರಾಮ ಕೈಕಾಲು ತೊಳೆದು ಊಟಕ್ಕೆ ಕೂತಳು ಪೂರ್ಣವಿರಾಮ.

ಇದು ಲೋಕದಲ್ಲಿ ಇಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರದ ಸಂಗತಿ.

ನಡೆದದ್ದು ಇಷ್ಟು. ಕರಡಮ್ಮ ಎರಡನೇ ಹೆಂಡತಿಯಾಗಿ ಗಂಡನ ಮನೆಗೆ ಬಂದಾಗ ಹುಡುಗಿಗೆ ಎಂಟು ವರ್ಷ. ದಿಂಬಿನ ಕೆಳಗೆ ಹೆತ್ತ ತಾಯಿ ಹೆಣೆದ ಉಣ್ಣೆಯ ಅಂಗಿ ಇತ್ತು, ಹಿತ್ತಾಳೆ ಗುಂಡಿಯದು, ಆಗಲೇ ಗಿಡ್ಡವಾಗಿತ್ತು. ಅದನ್ನು ಮೂಗಿಗೆ ಒತ್ತಿಕೊಂಡೇ ಮಲಗುತ್ತಿದ್ದಳು. ಬಂದವಳು ತಲೆ ಬಾಚಿದಳು, ಅಕ್ಷರ ತಿದ್ದಿಸಿದಳು, ಬಿಸಿ ಬಿಸಿ ಬಡಿಸಿದಳು. ಒಂದು ವರ್ಷ ಕಾದರೂ ಹುಡುಗಿ ಅವಳನ್ನು ಅಮ್ಮ ಎನ್ನಲಿಲ್ಲ, ಚಿಕ್ಕಮ್ಮ ಎನ್ನಲಿಲ್ಲ, "ನೋಡಿ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಹಾಸಿಗೆ ಕೊಡವುವಾಗ ಅಂಗಿ ಕೈಗೆ ಸಿಕ್ಕಿತು. ಒಲೆ ಉರಿಯುತ್ತಿತ್ತು. ಹಾಕಿದಳು. ಉಣ್ಣೆ ಬೇಗ ಹತ್ತಿಕೊಳ್ಳುವುದಿಲ್ಲ. ಎಳೆದುಕೊಳ್ಳಲು ಬೇಕಾದಷ್ಟು ಹೊತ್ತಿತ್ತು. ಅವಳು ಇಕ್ಕಳ ಹಿಡಿದು ನಿಂತೇ ಇದ್ದಳು, ಎಳೆದುಕೊಳ್ಳಲಿಲ್ಲ. ಸತ್ತವಳ ಮೇಲೆ ಹೊಟ್ಟೆಕಿಚ್ಚು, ಇನ್ನೇನೂ ಅಲ್ಲ. ಮರುದಿನ ಬೂದಿಯ ಜೊತೆಗೆ ಗುಂಡಿಗಳನ್ನೂ ಗುಡಿಸಿ ತಿಪ್ಪೆಗೆ ಹಾಕಿದಳು.

ಹುಡುಗಿ ಅಪ್ಪನಿಗೆ ಚಾಡಿ ಹೇಳಲಿಲ್ಲ. ಅವಳು ಹೇಳಿದ್ದರೆ, ಅಪ್ಪ ಎರಡು ಬೈದಿದ್ದರೆ, ಎಲ್ಲ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಅಂದಿನಿಂದ ಬಡಿಸಿದಷ್ಟನ್ನೇ ತಿಂದು ತಟ್ಟೆ ತೊಳೆದಿಟ್ಟು ಏಳುತ್ತಿದ್ದಳು. ಹದಿನೇಳಕ್ಕೆ ಸೋದರತ್ತೆಯ ಮನೆಗೆ ಹೋದವಳು ಮತ್ತೆ ಬಂದದ್ದು ಅಪ್ಪ ಸತ್ತಾಗ. ಅರ್ಧ ದಿನ ಇದ್ದು ಹೊರಟಳು.

ಕಥೆ ಮುಂದುವರಿಯಿತು. ಅದರಲ್ಲಿನ ಮಲತಾಯಿಗೆ ಹಿಂದೊಂದು ಮದುವೆಯಾಗಿತ್ತು, ಒಂದು ಕೂಸಿತ್ತು. ಸೋಂಕು ಜ್ವರದಲ್ಲಿ ಸತ್ತವರ ಬಟ್ಟೆ ಹೊದಿಸಿದ್ದರಿಂದ ಆ ಕೂಸೂ ಹೋಗಿತ್ತು. ಹುಡುಗಿಯ ತಾಯಿಯೂ ಅದೇ ಜ್ವರದಲ್ಲಿ ಹೋದವಳೆಂದು ಗೊತ್ತಾದ ದಿನ ಮಲತಾಯಿ ಹೆದರಿ ಅಂಗಿಯನ್ನು ಸುಟ್ಟಳು. ಹುಡುಗಿಯನ್ನು ಉಳಿಸಲು ಸುಟ್ಟಳು. ಬೂದಿಯಿಂದ ಏಳು ಗುಂಡಿಗಳನ್ನು ಆರಿಸಿ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಳು. ಕೊನೆಗೆ ಹುಡುಗಿ ದೊಡ್ಡವಳಾಗಿ ಡಬ್ಬಿಯನ್ನು ಕಂಡು, ಎಲ್ಲವನ್ನೂ ತಿಳಿದು, ಮುದುಕಿಯನ್ನು ಹುಡುಕಿಕೊಂಡು ಹೋಗಿ ತೊಡೆಯ ಮೇಲೆ ತಲೆಯಿಟ್ಟು ಅಮ್ಮ ಎನ್ನುತ್ತಾಳೆ.

"ಅಮ್ಮ ಉದ್ಧರಣ ಚಿಹ್ನೆ ಪೂರ್ಣವಿರಾಮ," ಎಂದು ಮೇಷ್ಟ್ರು ಮುಗಿಸಿದರು. "ಇದೊಂದು ಪರವಾಗಿಲ್ಲ ನೋಡಿ. ಅಳು ಬರೋ ಹಾಗಿದೆ."

ಗುಂಡಿಗಳನ್ನು ಡಬ್ಬಿಯಲ್ಲಿಟ್ಟ ವಾಕ್ಯದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು. ಕರಡಮ್ಮ ಅದನ್ನು ಹಾಕಿದಳು. ಗೆರೆ ಉದ್ದವಾಯಿತು, ಅಳಿಸಿ ಮತ್ತೆ ಹಾಕಿದಳು.

ಆ ವಾರವಿಡೀ ಅವಳು ಅದನ್ನೇ ಯೋಚಿಸಿದಳು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಪುಸ್ತಕ ಹೊರಗೆ ಬರುತ್ತದೆ. ಇಂದಲ್ಲ ನಾಳೆ ಕಥೆಯ ಹುಡುಗಿಯಂತೆ ಇವಳೂ ಹುಡುಕಿಕೊಂಡು ಬರಬಹುದು. ಬಂದರೆ ತೊಡೆ ಕೊಡಲು ಏನಡ್ಡಿ? ಬೇಡ ಬೇಡವೆಂದರೂ ಮನಸ್ಸು ಅಲ್ಲಿಗೇ ಓಡುತ್ತಿತ್ತು. ತನ್ನ ಒಂಟಿ ಕೋಣೆಯಲ್ಲಿ ಎರಡನೇ ತಟ್ಟೆ ಇಲ್ಲವಲ್ಲ ಎಂದು ಒಂದು ಸಂಜೆ ತಟ್ಟೆಯನ್ನೂ ಕೊಂಡು ತಂದಳು. ಆಮೇಲೆ ಅದನ್ನು ನೋಡಿ ನಾಚಿಕೆಯಿಂದ ಮುದುಡಿಹೋದಳು. ಸತ್ತ ಕೂಸು ಅವಳದಲ್ಲ, ಜ್ವರ ಅವಳದಲ್ಲ. ಹುಡುಗಿ ಬಂದು "ಯಾಕೆ ಸುಟ್ಟಿರಿ" ಎಂದು ಕೇಳಿದರೆ ಕೊಡುವುದಕ್ಕೆ ಅವಳ ಬಳಿ ಒಂದು ಗುಂಡಿಯೂ ಇರಲಿಲ್ಲ.

ಒಂದು ಸಲ ಕೇಳಿ ನೋಡಬೇಕು ಎನಿಸಿತು. ಹುಡುಗಿಗೆ ನಿಜವೂ ಸಾಕಾದರೆ, ಆಗ ಹೋಗಿ ಎದುರಿಗೆ ನಿಲ್ಲಬಹುದು. ಪ್ರಶ್ನೆಪಟ್ಟಿಯ ಕೊನೆಯಲ್ಲಿ, ಕಾಗುಣಿತದ ನಾಲ್ಕು ಅನುಮಾನಗಳ ಕೆಳಗೆ, ಸೇರಿಸಿದಳು: "ಜ್ವರದ ಸಂಗತಿ ಹಳೆಯ ಕಥೆಯಲ್ಲಿ ಇಲ್ಲ. ಮಲತಾಯಿಗೆ ಅಂಥ ಕಾರಣವೇನೂ ಇರದೆ, ಬರೀ ಹೊಟ್ಟೆಕಿಚ್ಚಿನಿಂದ ಸುಟ್ಟಿರಬಹುದಲ್ಲವೇ?"

ಒಂಬತ್ತು ದಿನಕ್ಕೆ ಪಟ್ಟಿ ವಾಪಸು ಬಂತು. ಮೊದಲ ನಾಲ್ಕರ ಎದುರಿಗೆ ಸರಿ, ಸರಿ, ಸರಿ, ತಿದ್ದಿ. ಐದನೆಯದರ ಎದುರಿಗೆ ಖಾಲಿ ಜಾಗ ಸಾಲದೆ, ಕೆಂಪು ಅಕ್ಷರ ಕೆಳಗಿಳಿದು ಅಂಚಿನವರೆಗೂ ಹೋಗಿತ್ತು: "ದಯವಿಟ್ಟು ಇದನ್ನು ಮುಟ್ಟಬೇಡಿ. ಕಾರಣ ಇರಲೇಬೇಕು. ಇದೊಂದು ಕಾರಣ ಹುಡುಕಲು ನನಗೆ ಮೂವತ್ತು ವರ್ಷ ಹಿಡಿದಿದೆ. ಈಗ ರಾತ್ರಿ ನಿದ್ದೆ ಬರುತ್ತಿದೆ."

ಕರಡಮ್ಮ ಅದನ್ನು ಮೂರು ಸಲ ಓದಿದಳು. ಹಾಳೆಯ ತುದಿಯಲ್ಲಿ "ಲೇಖಕರ ಪ್ರಕಾರ" ಎಂದು ಬರೆದು ಫೈಲಿಗೆ ಹಾಕಿದಳು.

ಆ ಕಥೆಯ ಪುಟಗಳು ಕೊನೆಯ ಅಚ್ಚಿಗೆ ಹೋಗುವ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಆಫೀಸಿನ ಕಡೆಯಿಂದ ಹೆಂಗಸಿನ ದನಿ ಕೇಳಿಸಿತು. ಯಜಮಾನರು ಯಾರಿಗೋ ಅಚ್ಚುಕೂಟ ತೋರಿಸುತ್ತಿದ್ದರು. "'ಏಳು ಗುಂಡಿ'ಯ ಲೇಖಕಿಯಂತೆ. ಈ ಕಡೆ ಬಂದಿದ್ರಂತೆ, ಹಾಗೇ ನೋಡಿ ಹೋಗೋಣ ಅಂತ," ಎಂದು ಮೇಷ್ಟ್ರು ಎದ್ದು ಅಂಗಿಯ ಕಾಲರು ಸರಿಮಾಡಿಕೊಂಡರು. ತಿರುಗಿ ನೋಡಿದರೆ ಎದುರಿನ ಕುರ್ಚಿ ಖಾಲಿ.

ಕೋಣೆಗೆ ಹೊಂದಿಕೊಂಡಂತೆ ಕಾಗದದ ಉಗ್ರಾಣ. ಆಳೆತ್ತರ ಪೇರಿಸಿದ ಕಾಗದದ ಕಟ್ಟುಗಳ ಹಿಂದೆ ಕರಡಮ್ಮ ನಿಂತಿದ್ದಳು. ಸಂದಿನಲ್ಲಿ ಕಂಡದ್ದು ಒಂದು ಭುಜ, ಒಂದು ಜಡೆ. ಜಡೆಯಲ್ಲಿ ಬಿಳಿ ಇತ್ತು. ಎಂಟು ವರ್ಷದ ಹುಡುಗಿಗೆ ಇಷ್ಟು ಬಿಳಿ ಯಾವಾಗ ಬಂತು ಎಂದು ಒಂದು ಕ್ಷಣ ನಿಜಕ್ಕೂ ಕಂಗಾಲಾದಳು.

"ಕರಡು ನೋಡಿದವರು ನೀವೇನಾ?"

"ನಾನು ಬರೀ ಓದೋನು. ಹಿಡಿಯೋದು ನಮ್ಮ ಕರಡಮ್ಮ. ಈಗ ಇಲ್ಲೇ ಇದ್ರು, ಎಲ್ಲಿ ಹೋದ್ರೋ. ಕರಡಮ್ಮಾ!"

"ಇರಲಿ ಬಿಡಿ, ಕರೀಬೇಡಿ. ಒಂದು ಪ್ರಶ್ನೆ ಕೇಳಿದ್ರು ಅವರು. ತುಂಬಾ ದಿನ ಕಾಡಿತು ನನ್ನನ್ನ." ಭುಜ ಖಾಲಿ ಕುರ್ಚಿಯ ಕಡೆ ತಿರುಗಿತು. "ಅವರಿಗೆ ಮಕ್ಕಳಿದ್ದಾರಾ?"

"ಇಲ್ಲಮ್ಮ. ಯಾರೂ ಇಲ್ಲ ಪಾಪ, ಒಂಟಿ ಜೀವ."

"ಅದಕ್ಕೇ ಹಾಗೆ ಕೇಳಿದ್ದಾರೆ," ಎಂದಳು ಲೇಖಕಿ. ದನಿ ಹಗುರಾಯಿತು; ಭಾರವಾದದ್ದೇನನ್ನೋ ಕೆಳಗಿಟ್ಟವರ ದನಿ. "ಒಂದು ಮಗುವನ್ನ ಸಾಕಿದೋರು ಯಾರೂ ಸುಮ್‌ಸುಮ್ನೆ ಹಾಗೆ ಮಾಡಲ್ಲ. ಸಾಕಿದ್ದಿದ್ರೆ ಅವರಿಗೂ ಗೊತ್ತಿರ್ತಿತ್ತು. ನನ್ನ ನಮಸ್ಕಾರ ಹೇಳಿ ಅವರಿಗೆ."

ಎರಡು ಹೆಜ್ಜೆ. ಕರೆದರೆ ಕೇಳುವಷ್ಟು ದೂರ. ಕರಡಮ್ಮನ ಬಾಯೊಳಗೆ ಹುಡುಗಿಯ ಹೆಸರು, ಮನೆಯಲ್ಲಿ ಕೂಗುತ್ತಿದ್ದ ಮೋಟು ಹೆಸರು, ನಾಲಿಗೆಯ ತುದಿಗೆ ಬಂದು ನಿಂತಿತು. ಹೊರಗೆ ಹೋಗಿ ಸುಳ್ಳು ಹೇಳಿದರೆ ಮಗಳು ಸಿಗುತ್ತಾಳೆ, ಆದರೆ ಅವಳಿಗೆ ಸಿಗುವ ತಾಯಿ ಕಥೆಯವಳು. ನಿಜ ಹೇಳಿದರೆ ಇರುವ ಆ ತಾಯಿಯೂ ಸಾಯುತ್ತಾಳೆ, ನಿದ್ದೆಯೂ ಹೋಗುತ್ತದೆ. ಇನ್ನೊಂದು ಸಲ ಒಲೆಗೆ ಹಾಕಿದ ಹಾಗೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು, ಕಾಗದದ ಕಟ್ಟಿಗೆ ಹಣೆ ಒತ್ತಿ, ಚಪ್ಪಲಿಯ ಸದ್ದು ಬಾಗಿಲು ದಾಟುವವರೆಗೆ ನಿಂತಳು. ಆಮೇಲೂ ನಿಂತಳು.

ವಾಪಸು ಬಂದಾಗ ಮೇಷ್ಟ್ರು ಹತ್ತನೇ ಕಥೆಯ ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದರು. "ಎಲ್ಲಿ ಮಾಯವಾಗಿದ್ರಿ? ಅಷ್ಟು ದೊಡ್ಡವರು ನಿಮ್ಮನ್ನ ಕೇಳ್ಕೊಂಡು ಬಂದಿದ್ರು."

"ಕಾಗದ ನೋಡ್ತಿದ್ದೆ." ಕುರ್ಚಿ ಎಳೆದುಕೊಂಡು ಕೂತಳು. ಪೆನ್ಸಿಲ್ ಚೂಪು ಮಾಡಿದಳು. ಅದು ಆಗಲೇ ಚೂಪಾಗಿತ್ತು. "ಹೇಗಿದ್ದಾಳೆ?"

"ಯಾರು, ಆ ಲೇಖಕಿನಾ? ಒಳ್ಳೆಯವರು. ತುಂಬಾ ಸಣ್ಣ. ಸರಿಯಾಗಿ ಊಟ ಮಾಡಲ್ಲ ಅಂತ ಕಾಣ್ಸತ್ತೆ."

"ಯಾವತ್ತೂ ಎರಡನೇ ಸಲ ಹಾಕಿಸ್ಕೊಳ್ತಿರ್ಲಿಲ್ಲ," ಎಂದಳು ಕರಡಮ್ಮ.

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಯಾರು?"

"ಯಾರೂ ಇಲ್ಲ. ಓದಿ ಮೇಷ್ಟ್ರೇ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಓದತೊಡಗಿದರು. ಒಂದು ಊರಿನಲ್ಲಿ ಅಲ್ಪವಿರಾಮ ಒಬ್ಬಳು ಮಾಟಗಾತಿ ಇದ್ದಳು ಪೂರ್ಣವಿರಾಮ. ಕರಡಮ್ಮ ತಲೆ ತಗ್ಗಿಸಿ ಸಾಲಿನ ಮೇಲೆ ಪೆನ್ಸಿಲ್ ಓಡಿಸಿದಳು.