ಕನ್ನಡ ಆರಿಸಿ

ಮೊಬೈಲಿನಲ್ಲಿ ಯಾವ ಆ್ಯಪ್ ತೆರೆದರೂ ಒಂದು ಮೂಲೆಯಲ್ಲಿ ಹಲ್ಲಿನ ಚಕ್ರದ ಗುರುತು ಇರುತ್ತದೆ. ಒತ್ತಿದರೆ ಸೆಟ್ಟಿಂಗ್ಸ್ ಪುಟ. ಬಹಳ ಮಂದಿ ಆ ಕಡೆ ಹಾಯುವುದೇ ಇಲ್ಲ. ಮನೆಯ ಅಟ್ಟದ ಹಾಗೆ, ಅದು ಇದೆ ಎಂದು ಗೊತ್ತಿದ್ದರೆ ಸಾಕು. ಅಂಥ ಪುಟಗಳನ್ನು ಕಟ್ಟುವ ಕೆಲಸ ಸಿಕ್ಕಾಗ ರೇಣು ಖುಷಿಪಟ್ಟಿದ್ದೂ ಇದಕ್ಕೇ. ಯಾರೂ ಬರದ ಜಾಗ, ಯಾರೊಂದಿಗೂ ಮಾತಾಡಬೇಕಿಲ್ಲ.

ಮಾತೆಂದರೆ ಅವಳಿಗೆ ಆಗಿಬರದು. ‘ಹೂಂ’ ಅವಳ ಭಾಷಣ, ‘ಊಹೂಂ’ ಅವಳ ಚಳವಳಿ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನಲ್ಲಿ ಖಾನಾವಳಿ ನಡೆಸುವ ಸೋದರತ್ತೆ ಕಾಶವ್ವನ ಗಲ್ಲೆಯ ಮೇಲೆ ದುಡ್ಡು ಎಣಿಸಲು ಕೂತಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ವಿಡಿಯೋ ನೋಡಿ ನೋಡಿಯೇ ಈ ಕೆಲಸ ಕಲಿತಳು. ಬಾಯಿ ಸುಮ್ಮನಿದ್ದಷ್ಟೂ ಅವಳ ಕಣ್ಣಿಗೆ ಕೆಲಸ ಹೆಚ್ಚು. ಯಾರು ಯಾವ ಬೆರಳಿನಿಂದ ಒತ್ತುತ್ತಾರೆ, ಎಲ್ಲಿ ತಡವರಿಸುತ್ತಾರೆ, ಎಲ್ಲ ನೋಡಿಟ್ಟುಕೊಳ್ಳುತ್ತಿದ್ದಳು.

ಅವಳನ್ನು ಕೆಲಸಕ್ಕೆ ಇಟ್ಟುಕೊಂಡವರು ಪಂಢರಿನಾಥ. ಬಿಬವೇವಾಡಿಯಲ್ಲಿ ಕನ್ನಡಕದ ಅಂಗಡಿಯೊಂದರ ಮೇಲೆ ಅವರ ಆಫೀಸು. ‘ಪಟಾಪಟ್’ ಎಂಬ ಅವರ ಮೊಬೈಲ್ ಕೀಬೋರ್ಡ್ ಆ್ಯಪಿನಲ್ಲಿ ಮೊದಲೇ ಮರಾಠಿ ಇತ್ತು. ಮಾರ್ಕೆಟ್ ಯಾರ್ಡಿನಲ್ಲಿ ಕನ್ನಡದ ವ್ಯಾಪಾರಿಗಳು, ಹಮಾಲರು ಇಷ್ಟೊಂದು ಇದ್ದಾರಲ್ಲ ಎಂದು ಕನ್ನಡವನ್ನೂ ಹಾಕಿಸಿದರು. ನಂಜನಗೂಡಿನ ಮರಿಸ್ವಾಮಿ ಅಕ್ಷರಗಳ ಕೀಲಿ ಜೋಡಿಸಿದ. ಸೆಟ್ಟಿಂಗ್ಸ್ ರೇಣುವಿನ ಪಾಲಿಗೆ ಬಂತು. ಪುಟವೇನೋ ಪೂರ್ತಿ ಕನ್ನಡದಲ್ಲೇ ಕಾಣುತ್ತಿತ್ತು, ಆದರೆ ಅಲ್ಲಿನ ಒಂದು ಗುಂಡಿ ಒತ್ತುವ ತನಕ ಕೀಲಿಗಳ ಮೇಲೆ ಮರಾಠಿ ಅಕ್ಷರಗಳೇ.

ಆ ಗುಂಡಿಯ ಮೇಲೆ ಏನು ಬರೆಯಬೇಕು? ಮನೆಯಲ್ಲಾದರೆ ‘ಚಾಲೂ ಮಾಡು’ ಎನ್ನುತ್ತಾರೆ. ಫ್ಯಾನು, ಮೋಟಾರು, ಮಿಕ್ಸರ್ ಎಲ್ಲವೂ ಚಾಲೂ ಆಗುವಂಥವೇ. ಆದರೆ ಸಾವಿರಾರು ಜನ ಓದುವ ಜಾಗದಲ್ಲಿ ಅಡುಗೆಮನೆಯ ಮಾತು ಬರೆದರೆ ನಗುವುದಿಲ್ಲವೇ? ಅವಳು ಬಹಳ ಯೋಚಿಸಿ ‘ಕನ್ನಡ ಆರಿಸಿ’ ಎಂದು ಬರೆದಳು.

“ಸೂಪರ್ ಕಣಮ್ಮ,” ಎಂದ ಮರಿಸ್ವಾಮಿ. “ಪುಸ್ತಕದಲ್ಲಿ ಇರೋ ಥರಾನೇ ಇದೆ.”

ಅವತ್ತು ರೇಣು ಎರಡು ಸಲ ‘ಹೂಂ’ ಎಂದಳು.

ಆ ಖುಷಿ ಒಂದು ಸೋಮವಾರದ ತನಕ ಬಾಳಿತು. ಪಂಢರಿನಾಥ ಇಬ್ಬರನ್ನೂ ಕರೆದು ಗೋಡೆಯ ಪರದೆಯ ಮೇಲೆ ಯಾವ ಭಾಷೆ ಎಷ್ಟು ಓಡುತ್ತಿದೆ ಎಂಬ ಲೆಕ್ಕದ ಚಿತ್ರ ತೋರಿಸಿದರು. ಮರಾಠಿಯ ಪಟ್ಟಿ ಗೋಪುರದ ಹಾಗೆ ಎದ್ದಿತ್ತು. ಕನ್ನಡದ್ದು ನೆಲಕ್ಕೆ ಬಳಿದ ಬಣ್ಣದ ಹಾಗಿತ್ತು.

“ಆ್ಯಪ್ ಇಳಿಸಿಕೊಂಡವರು ಬಹಳ ಜನ ಇದ್ದಾರೆ. ಆದರೆ ಕನ್ನಡ ಚಾಲೂ ಮಾಡಿಕೊಂಡವರು...” ಪಂಢರಿನಾಥ ಮರಾಠಿಯಲ್ಲಿ ಹೇಳುತ್ತಾ, ಆ ಜನ ಮೇಜಿನ ಕೆಳಗೆ ಬಿದ್ದಿದ್ದಾರೋ ಎಂಬಂತೆ ಬಗ್ಗಿ ನೋಡಿದರು. “ಮರಿಸ್ವಾಮಿ, ರೇಣು ಮತ್ತು ನಾನು. ಅದರಲ್ಲಿ ನನಗೆ ಕನ್ನಡ ಬರುವುದಿಲ್ಲ.”

“ಬಣ್ಣ ಸರಿಯಿಲ್ಲ ಸರ್,” ಎಂದ ಮರಿಸ್ವಾಮಿ. “ಗುಂಡಿ ಹಸಿರು ಮಾಡೋಣ, ದೊಡ್ಡದು ಮಾಡೋಣ.”

“ಮಾಡಿ. ಶನಿವಾರದ ತನಕ ನೋಡುತ್ತೇನೆ. ಆಮೇಲೆ ಕನ್ನಡ ತೆಗೆದು ಗುಜರಾತಿ ಹಾಕೋಣ.”

ಹೇಳುವಾಗ ಅವರು ರೇಣುವಿನ ಕಡೆ ನೋಡಲಿಲ್ಲ. ನೋಡದಿದ್ದರೂ ಅವಳಿಗೆ ತಿಳಿಯಿತು. ಅವಳನ್ನು ಇಟ್ಟುಕೊಂಡದ್ದೇ ಕನ್ನಡಕ್ಕಾಗಿ; ಕನ್ನಡ ಹೋದರೆ ಅವಳ ಕುರ್ಚಿಯೂ ಹೋಯಿತು. ಮತ್ತೆ ಅದೇ ಗಲ್ಲೆ, ಬಂದಬಂದವರಿಗೆ “ಇನ್ನೊಂದ ರೊಟ್ಟಿ ಹಾಕ್ಲೇನ್ರಿ?” ಎಂದು ಕೇಳುವ ಶಿಕ್ಷೆ. ತನ್ನ ಕೈಯಿಂದ ಒಂದು ಪುಟ ಆಗುವುದನ್ನು ನೋಡಿದ ಮೇಲೆ ಅಲ್ಲಿಗೆ ಮರಳುವುದು ಅವಳಿಗೆ ಬೇಡವಾಗಿತ್ತು.

ಗುಂಡಿ ಹಸಿರಾಯಿತು, ದೊಡ್ಡದಾಯಿತು. ಪಟ್ಟಿ ಮಾತ್ರ ಅಲುಗಲಿಲ್ಲ.

ಬುಧವಾರ ಊಟದ ಹೊತ್ತಿಗೆ ರೇಣು ಖಾನಾವಳಿಗೆ ಹೋಗಿ, ನೀರಿನ ಡ್ರಮ್ಮಿನ ಹಿಂದೆ ನಿಂತು ಜನರ ಹೆಬ್ಬೆರಳು ನೋಡತೊಡಗಿದಳು. ಬೆಳ್ಳುಳ್ಳಿ ವ್ಯಾಪಾರಿ ರಾಮಲಿಂಗಪ್ಪ ಬಲಗೈಯಲ್ಲಿ ರೊಟ್ಟಿ ಮುರಿಯುತ್ತಾ ಎಡಗೈಯಲ್ಲಿ ಪಟಾಪಟ್ ತೆರೆದಿದ್ದ. ಚಕ್ರದ ಗುರುತು ಒತ್ತಿದ. ಭಾಷೆಗಳ ಪುಟ ಬಂತು. ಹೆಬ್ಬೆರಳು ಹಸಿರು ಗುಂಡಿಯ ಕಡೆ ಇಳಿಯಿತು. ರೇಣು ಡ್ರಮ್ಮಿನ ಹಿಂದಿನಿಂದ ಇಣುಕಿದಳು.

“ಏ ಸಾವಕಾರ್ರ! ಕೈ ತಗೀರಿ!”

ಒಲೆಯ ಮುಂದಿನಿಂದ ಕಾಶವ್ವ ಸೌಟು ಎತ್ತಿಕೊಂಡೇ ಓಡಿ ಬಂದಿದ್ದಳು.

“ಯಾಕವಾ, ಏನಾತು?” ರಾಮಲಿಂಗಪ್ಪ ಗಾಬರಿಯಾದ.

“ಆ ಗುಂಡಿ ಮುಟ್ಟಬ್ಯಾಡ್ರಿ ಅಂತ ಹೇಳಿಲ್ಲೇನು? ಅದರ ಮ್ಯಾಲ ಏನ್ ಬರದದ ಓದ್ರಿ.”

“ಕನ್ನಡ... ಆರಿಸಿ.”

“ಹಾಂ! ಈಗ ಈ ಪುಟಾ ಪೂರಾ ಕನ್ನಡದಾಗ ಅದನೋ ಇಲ್ಲೋ? ಅಂದ್ರ ಕನ್ನಡ ಉರ್ಯಾಕತ್ತದ. ನೀವ್ ಒತ್ತಿದ್ರ ದೀಪ ಆರಿಸಿದಂಗ ಆರಿ ಹೋಗ್ತದ. ಅದರ ಕೂಡ ನಮ್ಮ ರೇಣಿ ನೌಕರಿನೂ ಆರ್ತದ. ಹುಡುಗಿ ಕನ್ನಡದ ಮ್ಯಾಲ ಉಣ್ಣಾಕತ್ತದರಿ!”

“ಅಯ್ಯ, ಇನ್ನ ಸ್ವಲ್ಪ ತಡಾ ಆಗಿದ್ರ ಆರಿಸೇ ಬಿಡ್ತಿದ್ನಿ ನೋಡು!” ರಾಮಲಿಂಗಪ್ಪ ಫೋನನ್ನು ತಟ್ಟೆಯಿಂದ ದೂರ ಸರಿಸಿದ.

ಪಕ್ಕದ ಮೇಜಿನಿಂದ ಹಮಾಲ ಮಾಂತು ಹೇಳಿದ: “ನಾನೂ ನಮ್ಮ ಮಂದಿಗೆಲ್ಲಾ ಹೇಳೀನಿ ಕಾಶವ್ವ. ಒಬ್ಬಾಂವನೂ ಮುಟ್ಟಿಲ್ಲ. ಮೊದಲ ಗುಂಡಿ ಸಣ್ಣದಿತ್ತು, ಈಗ ದೊಡ್ಡದ ಮಾಡ್ಯಾರ. ಆರಿಸ್ರಿ ಆರಿಸ್ರಿ ಅಂತ ಗಂಟ ಬಿದ್ದಾರ.”

ರೇಣುವಿಗೆ ಈಗ ತಿಳಿಯಿತು. ಅತ್ತೆ ಅವಳ ನೌಕರಿಯನ್ನು ಕಾಯುತ್ತಿದ್ದಾಳೆ. ಇಡೀ ಮಾರ್ಕೆಟ್ ಯಾರ್ಡಿಗೆ ಡಂಗುರ ಸಾರಿ, ಸೌಟು ಹಿಡಿದು ಕಾಯುತ್ತಿದ್ದಾಳೆ. ಹೀಗೇ ಶನಿವಾರದವರೆಗೆ ಕಾದರೆ ನೌಕರಿ ಮುಗಿದಂತೆ.

“ಅತ್ತಿ,” ಎಂದಳು ರೇಣು ಮೆಲ್ಲಗೆ. “ಅದು ಆ ಆರಿಸೂದಲ್ಲ. ಇಲೆಕ್ಷನ್‌ದಾಗ ಆರಿಸಿ ಬರ್ತಾರಲ್ಲ, ಆ ಆರಿಸೂದು.”

“ಆರಿಸಿ ಬಂದವರು ಏನ್ ಮಾಡಿದ್ರವಾ? ನಮ್ಮ ಓಣಿ ಲೈಟ್ ಆರಿಸಿದ್ರು!”

ಖಾನಾವಳಿಯೆಲ್ಲ ನಕ್ಕಿತು. ಆ ನಗೆಯಲ್ಲಿ ರೇಣುವಿನ ಮುಂದಿನ ಮಾತು ಯಾರಿಗೂ ಕೇಳಲಿಲ್ಲ. ಅವಳು ಹೇಳಿಯೂ ಇರಲಿಲ್ಲ.

ಆಫೀಸಿಗೆ ಮರಳುವ ದಾರಿಯುದ್ದಕ್ಕೂ ಮರಾಠಿಯಲ್ಲಿ ವಾಕ್ಯ ಹೊಂದಿಸಿಕೊಂಡಳು. ಪಂಢರಿನಾಥರ ಎದುರು ನಿಂತ ಕೂಡಲೇ ಎಲ್ಲವೂ ಮರೆತುಹೋಯಿತು. ಅವಳು ಸುಮ್ಮನೆ ಗೋಡೆಯ ಹತ್ತಿರ ಹೋಗಿ ಟ್ಯೂಬ್‌ಲೈಟ್ ಆಫ್ ಮಾಡಿ, “ಆರಿಸಿ,” ಎಂದಳು. ಆಮೇಲೆ ಮಬ್ಬಿನಲ್ಲೇ ಅವರ ಮೇಜಿನ ಮೇಲಿದ್ದ ಪೆನ್ನುಗಳಲ್ಲಿ ಒಂದನ್ನು ಎತ್ತಿಕೊಂಡು, “ಇದೂ ಆರಿಸಿ,” ಎಂದಳು.

“ಮರಿಸ್ವಾಮಿ,” ಕತ್ತಲೆಯಿಂದ ಪಂಢರಿನಾಥರ ದನಿ ಬಂತು, “ಈ ಹುಡುಗಿಗೆ ಏನಾಗಿದೆ ನೋಡು.”

ಮರಿಸ್ವಾಮಿ ನೋಡಿದ, ಕೇಳಿದ, ಹಣೆ ಚಚ್ಚಿಕೊಂಡ. ಅವನೇ ಬಿಡಿಸಿ ಹೇಳಿದ ಮೇಲೆ ಪಂಢರಿನಾಥ ಲೈಟು ಹಾಕಿದರು. “ಬೇಕಾದ್ದನ್ನು ತೆಗೆದುಕೊಳ್ಳುವುದಕ್ಕೂ ದೀಪ ನಂದಿಸುವುದಕ್ಕೂ ಒಂದೇ ಶಬ್ದವೇ? ಹಾಗಾದರೆ ಇಷ್ಟು ವರ್ಷ ನೀವು ಸಂಸಾರ ಮಾಡಿದ್ದಾದರೂ ಹೇಗೆ?”

“‘ಸಕ್ರಿಯಗೊಳಿಸಿ’ ಅಂತ ಹಾಕೋಣ ಸರ್,” ಎಂದ ಮರಿಸ್ವಾಮಿ. “ಅದಕ್ಕೆ ಒಂದೇ ಅರ್ಥ.”

“ಸಕ್ರಿ ಅಂತ ಓದ್ತಾರ್ರಿ,” ಎಂದಳು ರೇಣು. “ಅಲ್ಲಿ ಅರ್ಧಾ ಮಂದಿಗೆ ಸಕ್ರಿ ಬ್ಯಾನಿ ಅದ. ಹೆದರಿ ಮುಟ್ಟೂದಿಲ್ಲ.”

ಆ ಆಫೀಸಿನಲ್ಲಿ ಅವಳು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಮಾತಾಡಿದ ನಾಚಿಕೆಗೆ ತನ್ನ ಕುರ್ಚಿಗೆ ಓಡಿಹೋಗಿ, ಹಳೆಯದನ್ನು ಅಳಿಸಿ ‘ಕನ್ನಡ ಚಾಲೂ ಮಾಡ್ರಿ’ ಎಂದು ಬರೆದಳು.

“‘ಮಾಡಿ’ ಅಂತನಾದ್ರೂ ಹಾಕಮ್ಮ,” ಎಂದ ಮರಿಸ್ವಾಮಿ.

“ಊಹೂಂ.”

ಗುರುವಾರ ಹೊಸ ಗುಂಡಿ ಎಲ್ಲರ ಫೋನಿಗೆ ಹೋಯಿತು. ಸಂಜೆಯಾದರೂ ಪಟ್ಟಿ ಏಳಲಿಲ್ಲ. ಬದಲಿಗೆ ಖಾನಾವಳಿಯವರ ಫೋನ್ ಗ್ರೂಪಿನಲ್ಲಿ ರಾಮಲಿಂಗಪ್ಪನ ದನಿಯ ಸಂದೇಶ ಬಂತು: “ಎಲ್ಲಾರೂ ಹುಷಾರ್ ಇರ್ರಿ! ಗುಂಡಿ ಮ್ಯಾಲಿನ ಬರಹಾ ಬದಲಿ ಮಾಡ್ಯಾರ. ಮೊದಲ ಆರಿಸ್ರಿ ಅಂತ ಖರೇನ ಹೇಳ್ತಿದ್ರು. ಈಗ ಚಾಲೂ ಮಾಡ್ರಿ ಅಂತ ಸುಳ್ಳ ಹೇಳಿ ಆರಿಸಾಕ ಹಚ್ಯಾರ. ಬಿಲ್ಕುಲ್ ಒತ್ತಬ್ಯಾಡ್ರಿ!”

ಇನ್ನು ಬರೆದು ಪ್ರಯೋಜನವಿರಲಿಲ್ಲ. ಬಾಯಿ ಬಿಡಲೇಬೇಕಿತ್ತು.

ಶುಕ್ರವಾರ ಮಧ್ಯಾಹ್ನ ಖಾನಾವಳಿ ತುಂಬಿ ತುಳುಕುತ್ತಿತ್ತು. ರೇಣು ಗಲ್ಲೆಯ ಪಕ್ಕ ನಿಂತು “ಗುಂಡಿ ಒತ್ರಿ,” ಎಂದಳು. ಕುಕ್ಕರ್ ಸೀಟಿ ಹೊಡೆಯಿತು. ಮತ್ತೆ ಎಂದಳು. ಒಬ್ಬ, “ಇಲ್ಲೊಂದೀಟ ಪಲ್ಯಾ ತಾ ಯವ್ವಾ,” ಎಂದ. ಅವಳು ಒಳಗೆ ನಡೆದು, ಅತ್ತೆಯ ಎರಡೂ ಒಲೆಗಳ ಗ್ಯಾಸ್ ತಿರುವಿಬಿಟ್ಟಳು.

“ಏ ರೇಣಿ! ಊಟದ ಹೊತ್ನ್ಯಾಗ ಒಲಿ ಯಾಕ ಆರಿಸಿದಿ?”

ಅತ್ತೆಯ ಆ ಕೂಗಿಗೆ ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ಎಲ್ಲರೂ ತನ್ನನ್ನೇ ನೋಡುತ್ತಿರುವಾಗ ರೇಣು ನೆಲ ನೋಡುತ್ತಾ ಹೇಳಿದಳು:

“ಆ ‘ಆರಿಸಿ’ ಅನ್ನೂ ಶಬ್ದಾ ನಂದು. ಪುಸ್ತಕದಾಗಿನ ಮಾತು ಬರದು ಶಾಣ್ಯಾಕಿ ಅನ್ನಿಸ್ಕೋಬೇಕಂತ ಬರದಿದ್ನಿ. ತಪ್ಪಾತು. ಆ ಗುಂಡಿ ಕನ್ನಡ ಹಚ್ಚೂ ಗುಂಡಿ. ಯಾರೂ ಒತ್ತಲಿಲ್ಲಂದ್ರ ನಾಳೆ ಕನ್ನಡ ತಗೀತಾರ. ನನ್ನ ನೌಕರಿನೂ ಹೋಗ್ತದ.”

ಮಾಂತು ಬಾಯಿ ತೆರೆದುಕೊಂಡು ಕೂತಿದ್ದ. “ಕಾಶವ್ವ, ಈ ಹುಡುಗಿಗೆ ಮಾತು ಬರ್ತಾವ ಅಂತ ನೀ ಹೇಳೇ ಇಲ್ಲಲ್ಲ!”

ಕಾಶವ್ವ ಅವನ ಕಡೆ ತಿರುಗಲಿಲ್ಲ. “ಒತ್ತಿದ್ರ ನೌಕರಿ ಉಳೀತದ?”

“ಹೂಂ.”

“ಮತ್ತ ಏನ್ ಮಾರಿ ನೋಡಾಕತ್ತೀರಿ?” ಕಾಶವ್ವ ಸೌಟನ್ನು ಗಿರಾಕಿಗಳ ಕಡೆ ತಿರುಗಿಸಿದಳು. “ಒತ್ರಿ ಎಲ್ಲಾರೂ! ಒತ್ತಿದವರಿಗೆ ರೊಟ್ಟಿ. ಒತ್ತದವರು ಮನಿಗೆ ಹೋಗಿ ಉಣ್ರಿ. ಸಾವಕಾರ್ರ, ಮೊದಲ ನೀವು. ಹುಷಾರ್ ಇರ್ರಿ ಅಂತ ಊರಿಗೆಲ್ಲಾ ಸಾರಿದವರು ನೀವ!”

“ನೀನ ಹೇಳಿದ್ದಿಯಲ್ಲವಾ...” ಎನ್ನುತ್ತಲೇ ರಾಮಲಿಂಗಪ್ಪ ಒತ್ತಿದ. ಕೀಲಿಗಳ ಮೇಲೆ ಅ, ಆ, ಇ ಬಂದು ಕೂತವು. “ಅಯ್ಯ ಇವನ! ಒಳಗ ಇದ್ದವೇನು ಇವು!” ಉಳಿದವರೂ ಕಡಲೆಹಿಟ್ಟಿನ ಝುಣಕ ಹತ್ತದ ಬೆರಳು ಹುಡುಕಿಕೊಂಡು ಒತ್ತಿದರು. ಕಾಶವ್ವ ಮೇಜಿನಿಂದ ಮೇಜಿಗೆ ಹೋಗಿ ಫೋನು ಇಣುಕಿ ನೋಡಿ ರೊಟ್ಟಿ ಹಾಕಿದಳು. ಸಂಜೆಯ ಹೊತ್ತಿಗೆ ಅವಳ ಆಜ್ಞೆ ಹಿಂದಿನ ಎಚ್ಚರಿಕೆಯಷ್ಟೇ ವೇಗವಾಗಿ ಯಾರ್ಡಿನ ತುಂಬ ಹಬ್ಬಿತು.

ಶನಿವಾರ ಪಂಢರಿನಾಥ ಪರದೆ ನೋಡಿದರು. ಕನ್ನಡದ ಪಟ್ಟಿ ಗೋಪುರವಾಗಿರಲಿಲ್ಲ. ಒಂದು ಕಟ್ಟೆಯ ಎತ್ತರಕ್ಕೆ ಎದ್ದಿತ್ತು. “ಬರಂ, ಆಯಿತು,” ಎಂದರು. “ಗುಜರಾತಿ ಆಮೇಲೆ ನೋಡೋಣ. ರೇಣು, ಅಕ್ಷರ ದೊಡ್ಡದು ಮಾಡುವ ಪುಟ ಎಲ್ಲಿಗೆ ಬಂತು?”

“ಸೋಮವಾರ ಕೊಡ್ತೀನ್ರಿ,” ಎಂದಳು ರೇಣು.

ಸಂಜೆ ಖಾನಾವಳಿಗೆ ಬಂದಾಗ ಕಾಶವ್ವನ ಫೋನು ಹಿಟ್ಟಿನ ಡಬ್ಬಿಯ ಮೇಲೆ ಗುಯ್‌ಗುಡುತ್ತಲೇ ಇತ್ತು. ಇಷ್ಟು ದಿನ ಅವಳ ಮುಖ ನೋಡಿ ಸುಮ್ಮನೆ ಉಂಡೆದ್ದು ಹೋಗುತ್ತಿದ್ದವರಿಗೆಲ್ಲ ಈಗ ಕೈಗೆ ಅಕ್ಷರ ಸಿಕ್ಕಿದ್ದವು. ‘ಝುಣಕದಾಗ ಉಪ್ಪು ಭಾಳ.’ ‘ರೊಟ್ಟಿ ತೆಳ್ಳಗ ಆಗ್ಯಾವ.’ ‘ಮಜ್ಜಗಿ ಅದನೋ ನೀರದನೋ.’ ಕಾಶವ್ವ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ಕೆಂಪಾಗುತ್ತಿದ್ದಳು.

“ಮಜ್ಜಗಿ ಅಂದಾಂವ ಮಾಂತು! ರೇಣಿ, ಬರಿ ಇವಂಗ, ನಾ ಹೇಳ್ತೀನಿ.”

“ನೀನ ಬರಿ ಅತ್ತಿ. ಅಕ್ಷರ ಎಲ್ಲಾ ಅಲ್ಲೇ ಅದಾವ.”

ಕಾಶವ್ವ ಸೆರಗಿಗೆ ಕೈ ಒರೆಸಿಕೊಂಡು ಫೋನು ಎತ್ತಿಕೊಂಡಳು. ತವೆಯ ಮೇಲಿನ ರೊಟ್ಟಿ ಸೀಯುವ ತನಕ ಹುಡುಕಿ ಹುಡುಕಿ ಒತ್ತಿದಳು. ‘ನಾಳೆ ಬಾ ಮಗನ’ ಎಂದಾಯಿತು. ಓದಿಕೊಂಡಳು. ಅದರಲ್ಲಿ ಖಾರ ಸಾಲದೆಂದು ಕಂಡಿತು.

“ರೇಣಿ, ಇದರಾಗ ಸಿಟ್ಟಿನ ಮಾರಿ ಎಲ್ಲದ?”

ರೇಣು ಕೆಂಪು ಮುಖದ ಇಮೋಜಿ ತೋರಿಸಿದಳು. ಕಾಶವ್ವ ಒತ್ತತೊಡಗಿದಳು, ಸಾಲು ತುಂಬಿತು, ಎರಡನೆಯ ಸಾಲು ಶುರುವಾಯಿತು. ರೇಣು ರೊಟ್ಟಿ ತಿರುವಿ ಹಾಕಲು ಎದ್ದಳು.