ಮಿಲ್ಲಿನ ಸ್ಟಾಪು

ಚಟ್ಟದ ಕಾಲ್ಕಡೆಯ ಗಂಟನ್ನು ರಘುಪತಿ ಎರಡನೇ ಸಲ ಬಿಚ್ಚಿ ಕಟ್ಟುತ್ತಿದ್ದ. ಹತ್ತೊಂಬತ್ತು ವರ್ಷ ಅವನು ಓಡಿಸಿದ ಮುತ್ತಿನಕೊಪ್ಪ–ನರಸಿಂಹರಾಜಪುರ ಬಸ್ಸಿಗೆ, ಈಗ ಚಟ್ಟದ ಮೇಲೆ ಮಲಗಿದ್ದ ಮಂಜಯ್ಯನೇ ಕಂಡಕ್ಟರು.

"ಸಾಕು ಮಾರಾಯ, ಎದ್ದು ಓಡ್ತಾನಾ ಅವ?" ಎಂದ ನೆರೆಮನೆಯ ಕೃಷ್ಣಪ್ಪ.

"ಟಾಪ್ ಮೇಲಿನ ಲಗೇಜು ನಾ ಕಟ್ಟಿದ್ರೆ ಅವ್ನಿಗೆ ಸಮಾಧಾನ ಇರ್ತಿರ್ಲಿಲ್ಲ. ಬಿಚ್ಚಿ ಕಟ್ತಿದ್ದ."

ಚರ್ಚಿನಲ್ಲಿ ಸಂಗೀತ ನಡೆಸುವ ಸಿರಿಲ್ ಮಾಸ್ತರು ಅಂಗಳದ ಅಂಚಿನಲ್ಲೇ ನಿಂತಿದ್ದರು. ಅವತ್ತು ಈಸ್ಟರ್. ಸಂಜೆ ಆರಕ್ಕೆ ವಾದ್ಯಗೋಷ್ಠಿ. ಶೃಂಗೇರಿಯಿಂದ ಪಿಟೀಲಿನವರು ನಾಲ್ವರು, ಕೊಪ್ಪದ ಮದುವೆ ಬ್ಯಾಂಡಿನ ಕ್ಲಾರಿನೆಟ್ಟು, ದೊಡ್ಡ ಡ್ರಮ್ಮಿಗೆ ಮಂಜಯ್ಯ.

ಮಂಜಯ್ಯನ ಹೆಂಡತಿ ದೇವಕಿಯೇ ಮಾತು ತೆಗೆದಳು. "ಎಂತ ಮಾಸ್ತ್ರೆ, ಕೇಳೋದಿದ್ರೆ ಕೇಳಿ."

"ಇವತ್ತು ಕೇಳೋ ಮಾತಲ್ಲಮ್ಮ."

"ಡ್ರಮ್ಮಿಂದಲ್ವ? ನಿನ್ನೆ ಆಸ್ಪತ್ರೇಲಿ ಇವ್ರೂ ಅದನ್ನೇ ಕೇಳ್ತಿದ್ರು. ಯಾರು ಹೊಡೀತಾರೆ ಅಂತ."

*

ಮಂಜಯ್ಯನಿಗೆ ಸ್ವರಲಿಪಿ ಬರುತ್ತಿರಲಿಲ್ಲ. ಕೊನೆಯ ಕೃತಿಯಲ್ಲಿ, ಯೇಸುವಿನ ಸಮಾಧಿಯ ಕಲ್ಲು ಉರುಳುವಲ್ಲಿ, ಅವನದು ಒಂದೇ ಪೆಟ್ಟು. ಅದಕ್ಕೆ ಮೊದಲು ಎಪ್ಪತ್ತೆರಡು ಆವರ್ತ ಸುಮ್ಮನಿರಬೇಕು. ಮಾಸ್ತರು ಆರ್ಗನ್ನಿಗೆ ಕೂತರೆ ಬೆನ್ನು ಈ ಕಡೆ; ಸನ್ನೆ ಸಿಗದು. ಹಾಗಾಗಿ ಎಂಟು ಆವರ್ತಕ್ಕೊಂದು ಸ್ಟಾಪು ಎಂದು ಇಟ್ಟುಕೊಂಡಿದ್ದ. ಎಂಟು ಎಣಿಸಿದರೆ ಶಾಲೆ, ಮತ್ತೆಂಟಕ್ಕೆ ಸೊಸೈಟಿ, ಆಮೇಲೆ ಸೇತುವೆ, ಅಕ್ಕಿ ಮಿಲ್ಲು, ಹೀಗೆ. ಒಂಬತ್ತನೆಯದು ನರಸಿಂಹರಾಜಪುರ. ಅಲ್ಲಿ ಪೆಟ್ಟು. ಹನ್ನೊಂದು ಈಸ್ಟರ್ ಹೀಗೇ ಸರಿಹೋಗಿತ್ತು.

ಹೋದ ವರ್ಷ, ೨೦೦೫ರಲ್ಲಿ, ಎಂಟು ಆವರ್ತ ಮೊದಲೇ ಹೊಡೆದುಬಿಟ್ಟ. ಮೆಲ್ಲಗೆ ನುಡಿಯುತ್ತಿದ್ದ ಪಿಟೀಲುಗಳು ನಿಂತೇಹೋದವು.

"ಎಂತಾಯ್ತು ಮಂಜಯ್ಯ?" ಎಂದು ಮಾಸ್ತರು ಆಮೇಲೆ ಕೇಳಿದರು.

"ಮಿಲ್ಲು ಮುಚ್ತಲ್ಲ ಮಾಸ್ತ್ರೆ. ಬಸ್ಸೀಗ ಅಲ್ಲಿ ನಿಲ್ಲಲ್ಲ. ಬಾಯಿಗೆ ಬರ್ಲೇ ಇಲ್ಲ."

ಆ ಈಸ್ಟರ್ ಆದಮೇಲೆ, ಇಳಿಯುವವರು ಯಾರೂ ಇಲ್ಲದಿದ್ದರೂ, ದಿನಾ ಆ ಜಾಗ ಬಂದಾಗ "ಮಿಲ್ಲು" ಎಂದು ಕೂಗುತ್ತಿದ್ದ. ರಘುಪತಿ ಬ್ರೇಕ್ ಹಾಕುತ್ತಿರಲಿಲ್ಲ.

*

"ಮನೆಯವ್ರು ಸೂತಕದಲ್ಲಿ ಹೋಗಂಗಿಲ್ಲ," ಎಂದಳು ದೇವಕಿ. "ರಘುಪತಿ, ಆ ಸ್ಟಾಪೆಲ್ಲ ಗೊತ್ತಿರೋನು ನೀನೊಬ್ನೇ."

"ನಾನಾ? ಹಾರ್ನು ಬಿಟ್ರೆ ನಂಗೆ ಬೇರೆ ವಾದ್ಯ ಗೊತ್ತಿಲ್ಲ ಅತ್ತಿಗೆ."

"ಅದನ್ನೂ ಹೊಡೀಬಾರ್ದ ಕಡೇನೇ ಹೊಡಿಯೋದು," ಎಂದ ಕೃಷ್ಣಪ್ಪ.

ಯಾರೋ ನಕ್ಕು, ಬಾಯಿ ಮುಚ್ಚಿಕೊಂಡರು. ರಘುಪತಿ ಹಗ್ಗದ ತುದಿಯನ್ನು ಒಳಗೆ ಸಿಕ್ಕಿಸಿ ಎದ್ದ.

"ಎಷ್ಟೊತ್ತಿಗೆ ಬರ್ಲಿ ಮಾಸ್ತ್ರೆ?"

*

ಎರಡು ಗಂಟೆಗೆ ಚಿತೆ ಹತ್ತಿತು. ರಘುಪತಿ ಸ್ನಾನ ಮಾಡಿ, ಡ್ಯೂಟಿಯ ಖಾಕಿ ಶರ್ಟಿನಲ್ಲೇ ಚರ್ಚಿಗೆ ಹೋದ. ಒಗೆದದ್ದು ಅದೊಂದೇ ಇತ್ತು.

ಕೊನೆಯ ಕೃತಿ ಶುರುವಾಯಿತು. ಡ್ರಮ್ಮಿನ ಹಿಂದೆ ನಿಂತು ಅವನು ಬೆರಳು ಮಡಿಸಿ ಎಣಿಸಿದ. ಶಾಲೆ. ಸೊಸೈಟಿ. ಸೇತುವೆ. ಮತ್ತೆಂಟು ಮುಗಿಯಿತು.

"ಮಿಲ್ಲು," ಎಂದವು ತುಟಿಗಳು. ಅವನ ಬಲಗಾಲು ನೆಲವನ್ನು ಮೆಲ್ಲಗೆ ಒತ್ತಿ ಹಿಡಿಯಿತು, ಒಬ್ಬರು ಇಳಿದು ಪಕ್ಕಕ್ಕೆ ಸರಿಯುವಷ್ಟು ಹೊತ್ತು.