ಬಾವುಟ ಹೊತ್ತವನ ಹೊಟ್ಟೆ

ಇಂಟರ್ವಲ್ ಟೈಲರ್ ಎಂದರೆ ಊರಿನ ಓಟಗಾರರಲ್ಲಿ ಗೊತ್ತಿಲ್ಲದವರಿರಲಿಲ್ಲ. ಬಟ್ಟೆ ಹೊಲಿಯುವುದರಲ್ಲೂ ಅವನಿಗೆ ಹೆಸರಿತ್ತು, ಸುಳ್ಳೇಕೆ ಹೇಳಬೇಕು. ಆದರೆ ಈ ಹೆಸರು ಅಂಟಿದ್ದು ಅದರಿಂದಲ್ಲ. ಪ್ರತಿ ವರ್ಷದ ದೊಡ್ಡ ಓಟದಲ್ಲಿ ಅವನು ಚಿಗರೆಯ ಹಾಗೆ ಹೊರಡುತ್ತಿದ್ದ, ಅರ್ಧ ದಾರಿಗೆ ಬರುತ್ತಿದ್ದಂತೆ ಹೊಟ್ಟೆ ಹಿಡಿದುಕೊಂಡು ರಸ್ತೆ ಬಿಟ್ಟು ಮಾಯವಾಗುತ್ತಿದ್ದ, ಎಷ್ಟೋ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದು ಉಳಿದರ್ಧ ಓಡುತ್ತಿದ್ದ. ಸಿನಿಮಾದಲ್ಲಾದರೂ ಒಮ್ಮೊಮ್ಮೆ ಇಂಟರ್ವಲ್ ತಡವಾಗುತ್ತದೆ, ಇವನದು ತಪ್ಪಿದ್ದೇ ಇಲ್ಲ.

ಹೊಟ್ಟೆಯನ್ನು ದಾರಿಗೆ ತರಲು ಅವನು ಪಡದ ಪಾಡಿಲ್ಲ. ಜೊತೆಯಲ್ಲಿ ಓಡುವ ಬ್ಯಾಂಕಿನವರೊಬ್ಬರು ಹಿಂದಿನ ದಿನ ಬರೀ ಬಾಳೆಹಣ್ಣು ತಿನ್ನು ಎಂದರು, ತಿಂದ. ಹೈಸ್ಕೂಲಿನ ಲೆಕ್ಕದ ಮೇಡಂ ಬಾಳೆಹಣ್ಣೇ ನಿಮ್ಮ ಶತ್ರು, ಬಿಳಿ ಅನ್ನ ತಿನ್ನಿ ಎಂದರು, ಅದನ್ನೂ ತಿಂದ. ಔಷಧಿ ಅಂಗಡಿಯವನ ಮಾತ್ರೆ ಓಟದ ದಿನ ತೆಪ್ಪಗಿದ್ದು, ಓಟ ಮುಗಿದ ಮೇಲೆ ಎಚ್ಚೆತ್ತುಕೊಂಡು ಒಂದು ವಾರ ಹೊಟ್ಟೆಗೆ ಬೀಗ ಹಾಕಿದ ಹಾಗೆ ಮಾಡಿತು. ಹಾಲು ಬಿಟ್ಟ, ಕಾಫಿ ಬಿಟ್ಟ, ಕಾಳು ಬಿಟ್ಟ, ಕೊನೆಗೆ ಹಿಂದಿನ ರಾತ್ರಿಯ ಊಟವನ್ನೇ ಬಿಟ್ಟ. ಖಾಲಿ ಚೀಲದಿಂದ ಏನು ಬಿದ್ದೀತು ಎಂಬುದು ಅವನ ವಾದ. ಹೊಟ್ಟೆ ಎಲ್ಲಿಂದ ಹೊಂಚಿ ತಂದಿತೋ, ಆ ವರ್ಷವೂ ತಂದಿತು.

"ಕಾಲಿಗಿಂತ ಮುಂಚೆ ನಿಮ್ಮ ಹೊಟ್ಟೆನೇ ಓಡತ್ತೆ. ಮೆಡಲ್ ಏನಿದ್ರೂ ಅದಕ್ಕೇ ಹಾಕ್ಬೇಕು" ಎಂದಳು ಹೆಂಡತಿ.

ಒಂದು ಸಂಗತಿಯನ್ನು ಮಾತ್ರ ಅವನು ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ. ಹೊಟ್ಟೆ ಕೈಕೊಡುತ್ತಿದ್ದದ್ದು ಎಲ್ಲೆಂದರಲ್ಲಿ ಅಲ್ಲ. ಬೇರೆ ರಸ್ತೆಗಳಲ್ಲಿ ಇದರ ಎರಡರಷ್ಟು ದೂರ ಓಡಿದರೂ ಅದು ಪಾಪದ ಮಗುವಿನಂತೆ ಮಲಗಿರುತ್ತಿತ್ತು. ನೀರಿನ ಟ್ಯಾಂಕಿನ ಹತ್ತಿರ ಎಡಕ್ಕೆ ತಿರುಗಿ ಹಸಿರು ಗೇಟಿನ ಮನೆ ಕಣ್ಣಿಗೆ ಬಿದ್ದಾಗಲಷ್ಟೇ ಗುಡುಗು ಶುರುವಾಗುತ್ತಿತ್ತು. ಅದು ಅವನ ಅಕ್ಕನ ಮನೆ. ಅಕ್ಕತಮ್ಮಂದಿರು ಮಾತು ಬಿಟ್ಟು ಆರು ವರ್ಷವಾಗಿತ್ತು.

ಜಗಳದ ಮೂಲ ಒಂದು ಪ್ಯಾಂಟು. ಅಕ್ಕನ ಗಂಡ, ಅಂದರೆ ಭಾವ, ಶಾಲೆಯೊಂದರ ಹೆಡ್‌ಮಾಸ್ಟರಾಗಿದ್ದರು. ಅವರ ನಿವೃತ್ತಿಯ ದಿನಕ್ಕೆಂದು ಟೈಲರ್ ಕೈಯಾರೆ ಸೂಟು ಹೊಲಿದುಕೊಟ್ಟಿದ್ದ. ವೇದಿಕೆಯ ಮೇಲೆ ಸನ್ಮಾನ ಮಾಡಿಸಿಕೊಂಡ ಭಾವ ಸಭೆಗೆ ಬೆನ್ನು ಮಾಡಿ, ಕೆಳಗೆ ಬಿದ್ದ ಹೂಗುಚ್ಛ ಎತ್ತಲು ಬಗ್ಗಿದರು. ಪ್ಯಾಂಟು ಹಿಂಭಾಗದಲ್ಲಿ ಪರ್ರನೆ ಹರಿಯಿತು, ಮೈಕು ಅದನ್ನು ಹಿಂದಿನ ಸಾಲಿಗೂ ಮುಟ್ಟಿಸಿತು. "ಬೇಕಂತಲೇ ಹಂಗೆ ಹೊಲಿದಿದ್ದೀಯ" ಎಂದಳು ಅಕ್ಕ. "ಭಾವನ ಹೊಟ್ಟೆ ರಾತ್ರೋರಾತ್ರಿ ಬೆಳೆದ್ರೆ ನನ್ನ ಹೊಲಿಗೆ ಏನು ಮಾಡುತ್ತೆ" ಎಂದ ತಮ್ಮ. ಮಾತಿಗೆ ಮಾತು ಬೆಳೆಯಿತು. "ಇನ್ನು ನಿನ್ನ ಮನೆ ಬಾಗಿಲಲ್ಲಿ ತಲೆ ಬಗ್ಗಿಸಿದ್ರೆ ಕೇಳು" ಎಂದು ಹೇಳಿ ಎದ್ದು ಬಂದ. ಅಕ್ಕನೂ ಅದನ್ನು ಹೊಟ್ಟೆಗೆ ಹಾಕಿಕೊಳ್ಳಲಿಲ್ಲ.

ತಾಯಿಯಿಲ್ಲದ ಮನೆಯಲ್ಲಿ ಅವನ ಮೂಗು ಒರೆಸಿ ಬೆಳೆಸಿದವಳು ಈ ಅಕ್ಕನೇ. ಬಸ್ ಕಂಡಕ್ಟರ್ ಕೆಲಸಕ್ಕೆ ಸೇರಿ, ಆ ಸಂಬಳದಲ್ಲಿ ಅವನಿಗೆ ಹೊಲಿಗೆ ಕಲಿಸಿದವಳೂ ಅವಳೇ. ಅವಳಿಲ್ಲದೆ ಅವನಿಗೆ ಒಂದು ಕೈ ಇಲ್ಲದಂತಾಗಿತ್ತು. ಆದರೆ ಆಡಿದ ಮಾತನ್ನು ನುಂಗುವುದು ಹೇಗೆ? ವರ್ಷಕ್ಕೊಮ್ಮೆ ಆ ಬೀದಿಯಲ್ಲಿ ಹಾದುಹೋಗಲು ಓಟ ಒಂದು ನೆಪವಾಗಿತ್ತು, ಅದಕ್ಕೇ ಅವನು ಓಡುತ್ತಿದ್ದ. ಮೆಡಲ್ಲು ಯಾರಿಗೆ ಬೇಕಿತ್ತು? ಅಕ್ಕ ಒಂದೇ ಒಂದು ಸಲ "ಬಾರೋ" ಎಂದಿದ್ದರೆ ಸಾಕಿತ್ತು. ಅವಳೂ ಪ್ರತಿ ವರ್ಷ ಕೈಯಲ್ಲಿ ನೀರಿನ ಜಗ್ಗು ಹಿಡಿದು ಗೇಟಿನಲ್ಲಿ ನಿಂತಿರುತ್ತಿದ್ದಳು. ಕರೆಯುತ್ತಾಳೋ ಇಲ್ಲವೋ ಎಂದು ಅವನು ಕಣ್ಣೆತ್ತುವಷ್ಟರಲ್ಲಿ ಹೊಟ್ಟೆ ನುಲಿಯುತ್ತಿತ್ತು. ಹಲ್ಲು ಕಚ್ಚಿಕೊಂಡು ಬೀದಿಯ ಕೊನೆಯ ಸಾರ್ವಜನಿಕ ಶೌಚಾಲಯಕ್ಕೆ ಅವನು ದೌಡಾಯಿಸುತ್ತಿದ್ದ. ಕಾಲಿಗೆ ಬುದ್ಧಿ ಹೇಳುವುದು ಎಲ್ಲರಿಗೂ ಬರುತ್ತದೆ, ಹೊಟ್ಟೆಗೆ ಬುದ್ಧಿ ಹೇಳಿದವರನ್ನು ನಾವು ಕಂಡಿಲ್ಲ.

ಈ ವರ್ಷ ಅವನಿಗೊಂದು ಬಡ್ತಿ ಸಿಕ್ಕಿತು. ದೊಡ್ಡ ಓಟಗಳಲ್ಲಿ ಬೆನ್ನಿಗೆ ಬಾವುಟ ಕಟ್ಟಿಕೊಂಡು ಓಡುವವರಿರುತ್ತಾರೆ, ಬಾವುಟದ ಮೇಲೆ ಓಟ ಮುಗಿಸುವ ಹೊತ್ತು ಬರೆದಿರುತ್ತದೆ. ಎರಡೂವರೆ ಗಂಟೆಯಲ್ಲಿ ಮುಗಿಸಬೇಕೆಂದಿರುವವರು ಗಡಿಯಾರ ನೋಡುವುದು ಬೇಡ, ಎರಡೂವರೆಯ ಬಾವುಟದ ಬೆನ್ನು ಹಿಡಿದರೆ ಆಯಿತು. ಆ ಬಾವುಟ ಹೊರಬೇಕಾದವನು ಕಾಲು ಉಳುಕಿಸಿಕೊಂಡದ್ದರಿಂದ ಅದು ಇವನ ಪಾಲಿಗೆ ಬಂತು. ಬೇರೆ ಗತಿಯಿಲ್ಲದೆ ಕೊಟ್ಟರು ಎನ್ನುವುದೇ ಸರಿ.

ಬಾವುಟದ ಜೊತೆ ಸೊಂಟಕ್ಕೆ ಕಟ್ಟುವ ಪಟ್ಟಿಯೊಂದಿತ್ತು. ಟೈಲರ್ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಮುಖ ಸಿಂಡರಿಸಿದ. ಇಷ್ಟು ಸಡಿಲ ಕೆಲಸ ಅವನ ಮೈಮೇಲೆ ಬರುವುದುಂಟೆ? ಅಂಗಿಯ ಬೆನ್ನಿಗೆ ಉದ್ದಕ್ಕೂ ಒಂದು ಕೊಳವೆಯಂಥ ಜೇಬು ಕೂಡಿಸಿ, ಬಾವುಟದ ಕೋಲನ್ನು ಅದರೊಳಗಿಟ್ಟು, ಮೇಲೂ ಕೆಳಗೂ ಡಬಲ್ ಹೊಲಿಗೆ ಹಾಕಿದ. ಅಂಗಿಯನ್ನೂ ಮೈಗೆ ಅಂಟುವಂತೆ ಬಿಗಿ ಮಾಡಿದ. ಬಾವುಟದ ತುದಿ ತಲೆಯ ಮೇಲೆ ಒಂದು ಮೊಳ ಎದ್ದು ನಿಂತಿತು.

"ಇದನ್ನ ಬಿಚ್ಚೋದು ಹೇಗೆ?" ಎಂದಳು ಹೆಂಡತಿ.

"ಬಿಚ್ಚಲಿ ಅಂತ ಯಾರಾದ್ರೂ ಹೊಲೀತಾರಾ?"

ಓಟ ಚೆನ್ನಾಗಿಯೇ ಶುರುವಾಯಿತು. ಬಾವುಟದ ಹಿಂದೆ ಬ್ಯಾಂಕಿನವರು, ಲೆಕ್ಕದ ಮೇಡಂ, ಔಷಧಿ ಅಂಗಡಿಯವನು, ಅವರ ಹಿಂದೆ ಹೆಸರು ಗೊತ್ತಿಲ್ಲದ ಹತ್ತಿಪ್ಪತ್ತು ಮಂದಿ. ಬಿಸಿಲೇರಿದಂತೆ ಯಾರಿಗೂ ದಾರಿ ನೋಡುವ ತ್ರಾಣವಿರಲಿಲ್ಲ. ಬಾವುಟ ಬಲಕ್ಕೆ ಹೋದರೆ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ.

ಟ್ಯಾಂಕು ಬಂತು, ಎಡ ತಿರುವು ಬಂತು, ಹಸಿರು ಗೇಟು ಕಂಡಿತು. ಜಗ್ಗು ಹಿಡಿದು ಅಕ್ಕ ನಿಂತಿದ್ದಳು, ಕೂದಲು ಹಿಂದಿನ ವರ್ಷಕ್ಕಿಂತ ಬೆಳ್ಳಗಾಗಿತ್ತು. ಟೈಲರನ ಕರುಳು ಹಿಂಡಿದಂತಾಯಿತು. ಅದರಲ್ಲಿ ಸಂಕಟ ಎಷ್ಟು, ಉಳಿದದ್ದೆಷ್ಟು ಎಂದು ಬೇರ್ಪಡಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಎಂದಿನಂತೆ ಹಲ್ಲು ಕಚ್ಚಿ ಬೀದಿಯ ಕೊನೆಗೆ ಕಣ್ಣು ಹಾಯಿಸಿದ. ಶೌಚಾಲಯದ ಮುಂದೆ ಮರಳಿನ ಗುಡ್ಡೆ, ಬಾಗಿಲಿಗೆ ಅಡ್ಡ ಹಲಗೆ, ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ "ದುರಸ್ತಿಯಲ್ಲಿದೆ".

ಆರು ವರ್ಷದ ಛಲ ಒಂದು ಕಡೆ, ಹೊಟ್ಟೆ ಇನ್ನೊಂದು ಕಡೆ. ಯಾರು ಗೆದ್ದರೆಂದು ಹೇಳಬೇಕಾಗಿಲ್ಲ. ಬಾವುಟ ಗಿರ್ರನೆ ತಿರುಗಿ ಹಸಿರು ಗೇಟಿನೊಳಗೆ ನುಗ್ಗಿತು.

ಅಕ್ಕ ಜಗ್ಗು ಸಮೇತ ಪಕ್ಕಕ್ಕೆ ಸರಿದಳು. ಬೆನ್ನ ಮೇಲೆ ಕೋಲಿದ್ದವನು ಮುಂಬಾಗಿಲು ದಾಟಬೇಕಾದರೆ ಬಗ್ಗಲೇಬೇಕು. ಅವನು ಬಗ್ಗಿದ, ಕೋಲು ಚೌಕಟ್ಟಿಗೆ ಬಡಿಯಿತು, ಇನ್ನಷ್ಟು ಬಗ್ಗಿದ, ಮೂಗು ಮಂಡಿಗೆ ತಾಗುವಷ್ಟು ಬಗ್ಗಿ ಒಳಗೆ ಹೋದ. ಒಳಗೆ ಸೋಫಾದ ಮೇಲೆ ಪೇಪರ್ ಓದುತ್ತಿದ್ದ ಭಾವ, ಭಾವಮೈದ ಅಷ್ಟು ನಮ್ರವಾಗಿ ಬಂದದ್ದನ್ನು ಕಂಡು ಗಾಬರಿಯಿಂದ ಎದ್ದು ತಾವೂ ಬಗ್ಗಿದರು. ನೋಡಲು ಅವನಿಗೆ ಪುರುಸೊತ್ತಿರಲಿಲ್ಲ. ಆ ಮನೆಯ ಟಾಯ್ಲೆಟ್ಟು ಎಲ್ಲಿದೆಯೆಂದು ಕಾಲಿಗೆ ನೆನಪಿತ್ತು. ಬಾಗಿಲು ಎಳೆದುಕೊಂಡ. ಬಾವುಟದ ಬಟ್ಟೆ ಸಂದಿಗೆ ಸಿಕ್ಕಿ ಅರ್ಧ ಹೊರಗೇ ಉಳಿಯಿತು.

ಹಿಂದೆಯೇ ಬ್ಯಾಂಕಿನವರು ಬಂದರು, ಲೆಕ್ಕದ ಮೇಡಂ ಬಂದರು, ಔಷಧಿ ಅಂಗಡಿಯವನು ಬಂದ. ಅವರ ಹಿಂದೆ ಉಳಿದವರು. ಎಲ್ಲರೂ ಟಾಯ್ಲೆಟ್ಟಿನ ಬಾಗಿಲವರೆಗೆ ಬಂದು, ಸಂದಿಯಲ್ಲಿ ಇಣುಕುತ್ತಿದ್ದ ಎರಡೂವರೆಯನ್ನು ನೋಡುತ್ತ, ನಿಂತಲ್ಲೇ ಕಾಲು ಕುಣಿಸುತ್ತಿದ್ದರು. ನಿಂತರೆ ಸ್ನಾಯು ಹಿಡಿಯುತ್ತದಂತೆ. ನಡುಮನೆಯ ಗಾಜಿನ ಬೀರು ಗಲಗಲ ಎನ್ನತೊಡಗಿತು.

"ಇದೂ ರೂಟಾ?" ಎಂದು ಯಾರೋ ಕೇಳಿದರು.

"ಬಾವುಟ ಇಲ್ಲೇ ಇದೆಯಲ್ಲ" ಎಂದರು ಲೆಕ್ಕದ ಮೇಡಂ.

ಒಳಗೆ ಕುಳಿತವನ ಪಾಡು ಕೇಳಬೇಡಿ. ಹೊಟ್ಟೆಯ ಬಾಧೆ ಇಳಿದ ಮೇಲೆ ಮಾನದ ಬಾಧೆ ಶುರುವಾಯಿತು. ತಲೆ ಬಗ್ಗಿಸುವುದಿಲ್ಲ ಎಂದ ಬಾಗಿಲಲ್ಲೇ ಬಗ್ಗಿ ಬಂದದ್ದಾಯಿತು, ಇನ್ನು ಹೊರಗೆ ಹೋಗುವುದು ಯಾವ ಮುಖ ಇಟ್ಟುಕೊಂಡು? ಅಷ್ಟರಲ್ಲಿ ಬಾಗಿಲಿಗೆ ಹತ್ತಿರದಿಂದ, ಎಷ್ಟೋ ವರ್ಷ ಬಸ್ಸಿನ ಗದ್ದಲದ ಮೇಲೆ ಎದ್ದು ಕೇಳಿದ ಆ ದನಿ ಕೇಳಿತು.

"ಬಕೆಟಲ್ಲಿ ನೀರಿದೆಯೇನೋ?"

ಆರು ವರ್ಷದ ಮೇಲೆ ಅಕ್ಕ ಆಡಿದ ಮೊದಲ ಮಾತು. ಅಲ್ಲಿ ಕುಳಿತು ಅಳುವುದು ಚೆನ್ನಾಗಿರುವುದಿಲ್ಲ ಎಂದು ಗೊತ್ತಿದ್ದೂ ಟೈಲರ್ ಅತ್ತ.

"ಇದೆ ಅಕ್ಕ."

"ಇಲ್ದಿದ್ರೆ ಹೇಳು, ತಂದಿಡ್ತೀನಿ." ಅವಳೇ ಮುಂದುವರಿಸಿದಳು. "ಪ್ರತಿ ವರ್ಷ ಹಲ್ಲು ಕಚ್ಕೊಂಡು, ಮುಖ ಕಿವುಚ್ಕೊಂಡು ಓಡ್ತಿದ್ದೆಯಲ್ಲ. ನನ್ನ ಕಂಡ್ರೆ ಅಷ್ಟು ಉರಿಯುತ್ತೇನೋ ನಿಂಗೆ?"

"ಉರಿ ಅಲ್ಲಕ್ಕ. ಅರ್ಜೆಂಟು."

"ಆರು ವರ್ಷವೂ?"

"ಆರು ವರ್ಷವೂ. ನಿನ್ನ ಗೇಟು ಕಂಡ ಕೂಡ್ಲೆ ಹೊಟ್ಟೆ ಕಲಕುತ್ತೆ. ಕರೀತೀಯೋ ಇಲ್ವೋ ಅಂತ ಭಯ."

"ಕರೆಯೋಣ ಅಂತಲೇ ನಾನು ನಿಂತಿರ್ತಿದ್ದೆ ಕಣೋ. ನಿನ್ನ ಮುಖ ನೋಡಿ ಬಾಯಿ ಬರ್ತಿರ್ಲಿಲ್ಲ. ಇವನು ಸತ್ರೂ ನನ್ನ ಮುಖ ನೋಡಲ್ಲ ಅಂದ್ಕೊಂಡೆ."

ನಡುಮನೆಯಲ್ಲಿ ಕಾಲು ಕುಣಿಸುವ ಸದ್ದು ನಿಂತಿತು. ಲೆಕ್ಕದ ಮೇಡಂ ಸೊರ್ರೆಂದು ಮೂಗು ಎಳೆದುಕೊಂಡರು. ಭಾವ ಪೇಪರನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಿಸಿ, ಬಾಗಿಲ ಬಳಿ ಬಂದರು.

"ಅವತ್ತು ಅಳತೆ ತಗೊಳ್ಳೋವಾಗ," ಎಂದರು ಬಾವುಟದ ಕಡೆ ನೋಡಿ, "ನಾನು ಹೊಟ್ಟೆ ಒಳಗೆ ಎಳ್ಕೊಂಡಿದ್ದೆ."

ಅಕ್ಕ ಗರ್ರನೆ ಗಂಡನ ಕಡೆ ತಿರುಗಿದಳು.

"ಆರು ವರ್ಷದಿಂದ ಇದನ್ನ ಹೇಳೋಕ್ಕೆ ನಿಮಗೇನು ದಾಡಿಯಾಗಿತ್ತು?" ಎಂದಳು ಅಕ್ಕ.

"ನೀನು ಕೇಳ್ಲಿಲ್ಲ. ಆಮೇಲೆ ಹೇಳಿದ್ರೆ ನನ್ನ ಗತಿ ಏನಾಗ್ತಿತ್ತು ಅಂತ ನಿಂಗೂ ಗೊತ್ತು."

ಒಳಗಿನಿಂದ ಟೈಲರ್ ಒಂದು ದೀರ್ಘ ಉಸಿರು ಬಿಟ್ಟ. "ಭಾವ, ಟೈಲರ್ ಮುಂದೆ ಹೊಟ್ಟೆ ಎಳ್ಕೋಬಾರ್ದು. ಡಾಕ್ಟರ್ ಮುಂದೆ ಎಳ್ಕೊಂಡ್ರೂ ಪರವಾಗಿಲ್ಲ."

ಆಗ ಬ್ಯಾಂಕಿನವರು ಬೆವರು ಒರೆಸಿಕೊಳ್ಳುತ್ತ ಮುಂದೆ ಬಂದರು. "ಕುಟುಂಬದ ವಿಷಯ, ನಾನು ಮಧ್ಯೆ ಬಾಯಿ ಹಾಕಬಾರದು. ಆದ್ರೆ ಒಳಗಿರೋರು ಸ್ವಲ್ಪ ಬೇಗ ಬಂದ್ರೆ ಉಪಕಾರ ಆಗ್ತಿತ್ತು. ನನಗೂ ಬೆಳಗ್ಗೆಯಿಂದ."

"ನಿಮಗೂ?" ಎಂದರು ಲೆಕ್ಕದ ಮೇಡಂ. "ಬಾಳೆಹಣ್ಣು ತಿಂದ್ರೆ ಏನೂ ಆಗಲ್ಲ ಅಂತಿದ್ರಿ."

"ನಿಮ್ಮ ಅನ್ನ ಏನು ಮಾಡ್ತು?"

ಮೇಡಂ ಬ್ಯಾಂಕಿನವರ ಹಿಂದೆ ಹೋಗಿ ನಿಂತರು. ಔಷಧಿ ಅಂಗಡಿಯವನು ಯಾರ ಕಣ್ಣೂ ನೋಡದೆ ಮೇಡಂ ಹಿಂದೆ ನಿಂತ. ನೋಡನೋಡುತ್ತಿದ್ದಂತೆ ಸಾಲು ನಡುಮನೆ ದಾಟಿ ಗೇಟು ಮುಟ್ಟಿತು. ವರ್ಷವಿಡೀ ಇಂಟರ್ವಲ್ ಇಂಟರ್ವಲ್ ಎಂದು ನಕ್ಕವರ ಪೈಕಿ ಒಬ್ಬರ ಹೊಟ್ಟೆಯೂ ನೆಟ್ಟಗಿರಲಿಲ್ಲ. ಮರ್ಯಾದಸ್ಥರು ಇಷ್ಟು ವರ್ಷ ಹೇಗೋ ಅದುಮಿಕೊಂಡು ಓಡಿದ್ದರು.

ಅಕ್ಕನಿಗೆ ಸಾಲು ಕಂಡರೆ ಸುಮ್ಮನಿರಲು ಬರುವುದಿಲ್ಲ. "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ನಡೀರಿ. ಒಬ್ರಾದ್ಮೇಲೆ ಒಬ್ರು. ತಡ್ಕೊಳ್ಳೋಕ್ಕೆ ಆಗ್ದೇ ಇರೋರು ಕೈ ಎತ್ತಿ, ಮೊದ್ಲು ನಿಮ್ಮನ್ನ ಬಿಡ್ತೀನಿ" ಎಂದಳು. ಎಲ್ಲರೂ ಕೈ ಎತ್ತಿದರು. ಭಾವ ಪ್ಯಾಂಟು ಮೇಲಕ್ಕೆ ಮಡಿಸಿ ಹಿತ್ತಲಿನಿಂದ ನೀರು ಹೊತ್ತರು.

ಟೈಲರ್ ಹೊರಗೆ ಬಂದು, ಸಾಲು ಕರಗಿದ ಮೇಲೆ ಬಾವುಟದ ಸಮಸ್ಯೆ ಎದುರಾಯಿತು. ಎರಡೂವರೆ ಗಂಟೆ ಆಗಲೇ ಮುಗಿಯುತ್ತ ಬಂದಿತ್ತು, ಆದರೂ ಬಾವುಟ ಮುಂದೆ ಹೋಗದೆ ಇವರು ಹೋಗುವವರಲ್ಲ. ಟೈಲರನಿಗೆ ಮಾತ್ರ ಹೋಗುವ ಮನಸ್ಸಿರಲಿಲ್ಲ. ಅಂಗಿ ಬಿಚ್ಚಿ ಕೊಡೋಣವೆಂದರೆ ಇಬ್ಬರು ಹಿಡಿದೆಳೆದರೂ ಬರಲೊಲ್ಲದು. ಅಕ್ಕ ಕತ್ತರಿ ತಂದಳು, ಆದರೆ ಬೆನ್ನ ಹಿಂದೆ ಸುಮ್ಮನೆ ನಿಂತಳು. ತನ್ನ ಹೊಲಿಗೆಗೆ ಬೇರೆಯವರು ಕತ್ತರಿ ಹಾಕಿದರೆ ಇವನು ಹೇಗೆ ಆಡುತ್ತಾನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ಕತ್ತರಿಸ್ಲಾ?"

"ಕತ್ತರಿಸಕ್ಕ."

ಡಬಲ್ ಹೊಲಿಗೆ ಸುಲಭಕ್ಕೆ ಬಗ್ಗಲಿಲ್ಲ. ಅವಳು ಒಂದೊಂದೇ ಎಳೆ ಬಿಡಿಸಿ ಕತ್ತರಿಸುತ್ತಿದ್ದಷ್ಟು ಹೊತ್ತೂ ಎಡಗೈಯನ್ನು ಅವನ ಭುಜದ ಮೇಲಿಟ್ಟಿದ್ದಳು. ಕೋಲು ಕೈಗೆ ಬಂದ ಮೇಲೂ ಆ ಕೈ ಅಲ್ಲೇ ಇತ್ತು.

ಬ್ಯಾಂಕಿನವರು ಹಗುರಾದ ಮುಖದಲ್ಲಿ ಬಾವುಟ ಎತ್ತಿಕೊಂಡು ಹೊರಟರು. ಎಲ್ಲರೂ ಅಕ್ಕನಿಗೆ ಥ್ಯಾಂಕ್ಸ್ ಹೇಳಿ, ಗಟಗಟ ನೀರು ಕುಡಿದು, ಬೀದಿಯಲ್ಲಿ ಕಣ್ಮರೆಯಾದರು. ಟೈಲರ್ ಹರಿದ ಅಂಗಿಯಲ್ಲೇ ಅಡುಗೆಮನೆಯ ಮೇಜಿನ ಮುಂದೆ ಕುಳಿತ.

"ಓಟ ಬಿಟ್ಬಿಟ್ಟೆಯಲ್ಲೋ" ಎಂದಳು ಅಕ್ಕ.

"ಹೂಂ."

"ಹೊಟ್ಟೆ ಹೇಗಿದೆ ಈಗ? ಇನ್ನೂ ಕಲಕ್ತಿದೆಯಾ?"

ಅವನು ಉತ್ತರ ಕೊಡುವ ಮುನ್ನ ಗಮನವಿಟ್ಟು ನೋಡಿಕೊಂಡ. ನಂಬಲಾಗಲಿಲ್ಲ, ಇನ್ನೊಮ್ಮೆ ನೋಡಿಕೊಂಡ.

"ಹಸಿವಾಗ್ತಿದೆ ಅಕ್ಕ."

ಅವಳು ಒಲೆಯ ಕಡೆ ತಿರುಗಿ ಕಡ್ಡಿ ಗೀರಿದಳು. ಆರಿತು. ಇನ್ನೊಂದು ಗೀರಿದಳು, ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಅದೂ ಆರಿತು. ಹಿತ್ತಲಿನಿಂದ ಬಂದ ಭಾವ ಕೈ ಒರೆಸಿಕೊಂಡು, ಅವಳ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡು, ಒಲೆ ಹಚ್ಚಿಕೊಟ್ಟರು.